ರಿಜಿಸ್ಟರ್ ಕಿಟಕಿಗೆ ಬರಲಿ

ಜನವರಿ 8

ಮಗಳೇ,

ನೀನು ಕ್ಷೇಮವೆಂದು ಬರೆದ ಕಾಗದ ಬಂದು ಒಂದೂವರೆ ತಿಂಗಳಾಯಿತು. ಅದರಲ್ಲಿ ಇದ್ದದ್ದು ನಾಲ್ಕೇ ಸಾಲು, ಅದರಲ್ಲೂ ಎರಡು ನನ್ನ ಮಂಡಿನೋವಿನ ವಿಚಾರಣೆ. ದಿನವಿಡೀ ಬಸ್ಸಿನಲ್ಲಿ ‘ಒಳಗೆ ಹೋಗಿ, ಒಳಗೆ ಹೋಗಿ’ ಎಂದು ಗಂಟಲು ಹರಿದುಕೊಳ್ಳುವ ಕಂಡಕ್ಟರಮ್ಮನಿಗೆ ತಾಯಿಯ ಹತ್ತಿರ ಮಾತಾಡುವಾಗ ಮಾತ್ರ ಉಸಿರು ಸಾಲದು. ಫೋನ್ ಮಾಡಿದರೆ ‘ಅಮ್ಮಾ, ಬಸ್ ಹೊರಡ್ತಾ ಇದೆ’ ಎಂದು ಇಟ್ಟುಬಿಡುತ್ತೀಯ. ಕಾಗದಕ್ಕೆ ಆ ನೆಪ ನಡೆಯುವುದಿಲ್ಲ, ಕುಳಿತು ಓದು.

ನಿನ್ನೆ ಭಾನುವಾರ ನಮ್ಮ ಮಹಿಳಾ ಸಂಘದ ಹೊಸ ವರ್ಷದ ಮೊದಲ ಸಭೆ. ಹಿಟ್ಟಿನ ಗಿರಣಿಯ ಮೇಲಿನ ಅದೇ ಕೋಣೆ. ಭಾನುವಾರ ಗಿರಣಿಗೆ ರಜೆ ಎಂದುಕೊಂಡಿದ್ದೆವು, ಆ ಮಹಾರಾಯ ನಿನ್ನೆಯೇ ಓಡಿಸಬೇಕೆ? ನೆಲ ಗಡಗಡ ಅನ್ನುತ್ತಿತ್ತು. ಅಧ್ಯಕ್ಷೆ ಟೀಚರಮ್ಮ ಹಾಜರಿ ಕೂಗಿದರೆ ಯಾರಿಗೂ ಕೇಳುತ್ತಿರಲಿಲ್ಲ. ಸಭೆ ಮುಗಿಯುವ ಹೊತ್ತಿಗೆ ಇಪ್ಪತ್ತೆರಡು ಹೆಂಗಸರೂ ಹಿಟ್ಟು ಹಾರಿ ತಲೆ ನೆರೆತವರಂತೆ ಬೆಳ್ಳಗಾಗಿದ್ದೆವು.

ಈ ವರ್ಷದ ಕಾರ್ಯಕ್ರಮ ಭರ್ಜರಿಯಾಗಿದೆ. ಪ್ರತಿ ಮಂಗಳವಾರ ಮಧ್ಯಾಹ್ನ ಯಾರು ಬೇಕಾದರೂ ಬಂದು ಕಷ್ಟ ಹೇಳಿಕೊಳ್ಳಬಹುದು. ಕಚೇರಿಗೋ ಪೊಲೀಸ್ ಠಾಣೆಗೋ ಹೋಗಬೇಕಾದವಳ ಜೊತೆ ನಮ್ಮವರಿಬ್ಬರು ಹೋಗುವುದು. ತಿಂಗಳಿಗೊಮ್ಮೆ ನರ್ಸಮ್ಮನಿಂದ ಆರೋಗ್ಯದ ಮಾತು. ಮಾರುಕಟ್ಟೆಯ ಹೆಂಗಸರ ಶೌಚಾಲಯಕ್ಕೆ ಎರಡು ವರ್ಷದಿಂದ ಜಡಿದಿರುವ ಬೀಗ ತೆಗೆಸುವುದು. ಅದನ್ನು ನಾನೇ ವಹಿಸಿಕೊಂಡಿದ್ದೇನೆ. ತೆಗೆಯದಿದ್ದರೆ ಒಡೆಯುತ್ತೇನೆ ಎಂದೆ. ಟೀಚರಮ್ಮ ‘ಅದನ್ನ ನಡಾವಳಿಯಲ್ಲಿ ಬರೀಬೇಡಿ’ ಎಂದರು. ಕಾರ್ಯದರ್ಶಿ ನಾನೇ ಆದ್ದರಿಂದ ಬರೆದುಬಿಟ್ಟೆ.

ಪ್ರತಿ ವರ್ಷದಂತೆ ನಮ್ಮ ನಿಯಮವನ್ನೂ ಎದ್ದು ನಿಂತು ಓದಿದೆ: ‘ನೊಂದವಳು ಬಾಯಿಬಿಟ್ಟು ಕರೆಯುವವರೆಗೆ ಸಂಘ ಅವಳ ಹೊಸ್ತಿಲು ತುಳಿಯಬಾರದು.’ ಹದಿನಾಲ್ಕು ವರ್ಷದ ಹಿಂದೆ ಅದನ್ನು ಬರೆದವಳೂ ನಾನೇ. ಹಾಗಾಗಿ ಸ್ವಲ್ಪ ಜಂಬದಿಂದಲೇ ಓದಿದೆ ಅಂತಿಟ್ಟುಕೋ.

ಶಾಲೆಯ ಯೂನಿಫಾರ್ಮ್ ಹೊಲಿಯುವ ಕೆಲಸ ಮುಗಿದ ಮೇಲೆ, ಫೆಬ್ರವರಿಯಲ್ಲಿ ಎರಡು ದಿನ ನಿನ್ನ ಹತ್ತಿರ ಬಂದಿರುತ್ತೇನೆ. ನಿನ್ನ ಬಸ್ಸಿನಲ್ಲೇ ಕುಳಿತು ಒಂದು ಸುತ್ತು ಬರಬೇಕು. ಟಿಕೆಟ್ ತೆಗೆದುಕೊಂಡೇ ಕೂರುತ್ತೇನೆ, ಹೆದರಬೇಡ.

ಇಂತಿ,
ನಿನ್ನ ಬಾಯಿಬಡುಕಿ ಅಮ್ಮ


ಜನವರಿ 27

ಅಮ್ಮ,

ಕಾಗದ ಓದಿ ನಕ್ಕೆ. ಪಕ್ಕದ ಕೋಣೆಯವರು ಬಾಗಿಲು ತಟ್ಟಿ ಏನಾಯಿತೆಂದು ಕೇಳುವಷ್ಟು ನಕ್ಕೆ. ನಕ್ಕು ತುಂಬ ದಿನವಾಗಿತ್ತು.

ನಾನು ಚೆನ್ನಾಗಿದ್ದೇನೆ. ಸದ್ಯಕ್ಕೆ ಬಸ್ಸಿನ ಮೇಲೆ ಹೋಗುತ್ತಿಲ್ಲ. ಡಿಪೋದ ಒಳಗೇ ಒಂದು ಕೆಲಸ ಕೊಟ್ಟಿದ್ದಾರೆ. ಕುಳಿತು ಮಾಡುವ ಕೆಲಸ, ಕಾಲಿಗೆ ಒಳ್ಳೆಯದು.

ಫೆಬ್ರವರಿಯಲ್ಲಿ ಬರಬೇಡ ಅಮ್ಮ. ಯಾವಾಗ ಬರಬೇಕೆಂದು ನಾನೇ ತಿಳಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡ.

ನಿಮ್ಮ ಸಂಘದ ನಿಯಮ ಚೆನ್ನಾಗಿದೆ. ಎರಡು ಸಲ ಓದಿದೆ.

ನಿನ್ನ ಮಗಳು


ಫೆಬ್ರವರಿ 17

ಕುಳಿತು ಮಾಡುವ ಕೆಲಸವಂತೆ! ಕಾಲಿಗೆ ಒಳ್ಳೆಯದಂತೆ!

ಮಗಳೇ, ನರ್ಸಮ್ಮ ನಿಮ್ಮೂರಿಗೆ ತರಬೇತಿಗೆಂದು ಬಂದಿದ್ದಳು. ಬರುವಾಗ ಬಸ್ಸಿನಲ್ಲಿ ಕೊಡೆ ಬಿಟ್ಟಿದ್ದಳು. ಕೇಳಿಕೊಂಡು ಡಿಪೋಕ್ಕೆ ಹೋದರೆ ಹಿಂದಿನ ಶೆಡ್ಡಿನಲ್ಲಿ ಬಿಟ್ಟುಹೋದ ಸಾಮಾನಿನ ಕೋಣೆ ತೋರಿಸಿದರಂತೆ. ಅವಳಿಗೆ ಕೊಡೆಯ ಬದಲು ನೀನು ಸಿಕ್ಕೆ. ಒಂಟಿ ಚಪ್ಪಲಿ, ಹಳೇ ಬ್ಯಾಗು, ಊಟದ ಡಬ್ಬಿಗಳ ನಡುವೆ ಯೂನಿಫಾರ್ಮ್ ಹಾಕಿಕೊಂಡು ಕುಳಿತಿದ್ದೆಯಂತೆ. ಅವಳು ಕೇಳಿದರೆ ‘ಆರಾಮಾಗಿದೀನಿ ಅಕ್ಕ’ ಎಂದೆಯಂತೆ. ನರ್ಸಮ್ಮ ಮೂವತ್ತು ವರ್ಷ ರೋಗಿಗಳನ್ನು ನೋಡಿದವಳು, ಆರಾಮಾಗಿರುವವರ ಮುಖ ಅವಳಿಗೆ ಗೊತ್ತು. ಗೇಟಿನ ಎದುರು ಟೀ ಮಾರುವವಳನ್ನು ಹಿಡಿದು ಕೂರಿಸಿ ಎಲ್ಲ ತಿಳಿದುಕೊಂಡು ಬಂದಿದ್ದಾಳೆ.

ಡ್ಯೂಟಿ ಹಂಚುವ ಕಂಟ್ರೋಲರ್ ಗಂಡಸರ ರಿಜಿಸ್ಟರನ್ನು ಕಿಟಕಿಯಲ್ಲಿ ಇಡುತ್ತಾನಂತೆ. ಅವರು ಹೊರಗೆ ಸಾಲು ನಿಂತು ಸಹಿ ಹಾಕಿ ಹೋಗುತ್ತಾರೆ. ಹೆಂಗಸರ ರಿಜಿಸ್ಟರ್ ಮಾತ್ರ ಒಳಗಿನ ಮೇಜಿನ ಮೇಲೆ. ಆ ಕೋಣೆಯ ಬಾಗಿಲಿಗೆ ಸ್ಪ್ರಿಂಗು, ಬಿಟ್ಟರೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಎಲ್ಲಿ ಸಹಿ ಹಾಕಬೇಕೆಂದು ತೋರಿಸುವ ನೆಪದಲ್ಲಿ ಅವನು ಬೆನ್ನಿಗೆ ಬಂದು ನಿಲ್ಲುತ್ತಾನೆ. ಡಿಸೆಂಬರಿನಲ್ಲಿ ನೀನು ‘ನಮ್ಮ ರಿಜಿಸ್ಟರೂ ಕಿಟಕಿಗೆ ಬರಲಿ, ಇಲ್ಲೇ ಸಹಿ ಹಾಕ್ತೀನಿ’ ಎಂದು ಹೊರಗೇ ನಿಂತೆ. ಅವನು ಹದಿನೈದು ದಿನ ಗೈರುಹಾಜರಿ ಬರೆದ. ಆಮೇಲೆ ಬಸ್ಸಿನಿಂದ ಇಳಿಸಿ ಚಪ್ಪಲಿ ಕಾಯಲು ಕೂರಿಸಿದ. ಇನ್ನೂ ಹಟ ಹಿಡಿದರೆ ಕೆಲಸದಿಂದಲೇ ತೆಗೆಸುತ್ತೇನೆ ಎನ್ನುತ್ತಿದ್ದಾನೆ. ಎಲ್ಲ ಸರಿಯಾಗಿ ಬರೆದೆನಾ?

ಎಷ್ಟು ಹೊಟ್ಟೆ ಉರಿಯಿತು ಗೊತ್ತಾ? ಊರಿನವರ ಕಷ್ಟಕ್ಕೆಲ್ಲ ಅಮ್ಮ ಬೇಕು, ಹೆತ್ತ ಮಗಳಿಗೆ ಬೇಡವಾದಳಾ?

ಈ ಗುರುವಾರ ಬರುತ್ತಿದ್ದೇವೆ. ನಾನೊಬ್ಬಳೇ ಅಲ್ಲ, ಹನ್ನೊಂದು ಜನ. ಟೀಚರಮ್ಮ ಊರಲ್ಲಿಲ್ಲ, ಇದ್ದಿದ್ದರೆ ಅವರೂ ಬರುತ್ತಿದ್ದರು. ನೀನು ಏನೂ ಮಾಡಬೇಡ, ಸುಮ್ಮನೆ ಕುಳಿತಿರು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ಅಮ್ಮ


ಮಾರ್ಚ್ 1

ಅಮ್ಮ,

ನಿನ್ನ ಕಾಗದ ಗುರುವಾರ ಸಂಜೆ ಕೈಗೆ ಬಂತು. ಅಷ್ಟರಲ್ಲಿ ನೀನು ಬಂದು, ಕೂಗಿ, ಹೋಗಿಯೂ ಆಗಿತ್ತು.

ನಿನಗೆ ಕಾಣದೇ ಇದ್ದದ್ದನ್ನು ಹೇಳುತ್ತೇನೆ. ನೀವು ಗೇಟಿನ ಮುಂದೆ ಬ್ಯಾನರ್ ಹಿಡಿದು ಕುಳಿತಾಗ ಡ್ರೈವರುಗಳೆಲ್ಲ ಬಸ್ಸಿನಿಂದ ಇಳಿದು ತಮಾಷೆ ನೋಡುತ್ತಿದ್ದರು. ನೀನು ‘ನನ್ನ ಮಗಳ ಮೈಮುಟ್ಟಿದೋನು ಹೊರಗೆ ಬರಲಿ’ ಎಂದು ಕೂಗಿದೆ. ಅವನು ನನ್ನ ಮೈಮುಟ್ಟಿಲ್ಲ ಅಮ್ಮ. ಮುಟ್ಟುವ ಮೊದಲೇ ನಾನು ಹೊರಗೆ ನಿಂತಿದ್ದೆ. ನೀನು ಕೂಗಿದ ಮೇಲೆ ಇಡೀ ಡಿಪೋ ನನ್ನನ್ನು ಬೇರೆ ಕಣ್ಣಿನಿಂದ ನೋಡುತ್ತಿದೆ. ಮ್ಯಾನೇಜರ್ ಕರೆಸಿ, ಅವನೂ ಕಂಟ್ರೋಲರೂ ಪಕ್ಕಪಕ್ಕ ಕುಳಿತು ಕೇಳಿದರು, ‘ಏನಮ್ಮಾ, ಅಮ್ಮನ್ನ ಕರ್ಕೊಂಡು ಬರೋಕೆ ಇದೇನು ಪ್ರೈಮರಿ ಸ್ಕೂಲಾ?’

ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಇದನ್ನು ಕೇಳು. ನಮ್ಮ ಡಿಪೋದಲ್ಲಿ ನಾವು ಮೂವರು ಕಂಡಕ್ಟರ್ ಹೆಂಗಸರು. ಒಬ್ಬರು ಸೀನಿಯರಕ್ಕ, ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಇನ್ನೊಬ್ಬಳು ಹೊಸಬಳು, ಸೇರಿ ಎಂಟು ತಿಂಗಳು. ಇಬ್ಬರೂ ಆ ಕೋಣೆಗೆ ಹೋಗಿ ಬರುತ್ತಾರೆ, ಹೊರಗೆ ಬಂದ ಮೇಲೆ ಸ್ವಲ್ಪ ಹೊತ್ತು ಮಾತಾಡುವುದಿಲ್ಲ. ಮೂರು ತಿಂಗಳು ನಾನು ಅವರ ಜೊತೆ ಊಟಕ್ಕೆ ಕುಳಿತೆ. ಆ ವಿಷಯ ನಾನಾಗಿ ಎತ್ತಲಿಲ್ಲ, ಅವರೇ ಎತ್ತುವವರೆಗೆ ಕಾದೆ. ಕೊನೆಗೆ ಒಂದೇ ಅರ್ಜಿ, ಮೂರು ಸಹಿ ಎಂದು ಮಾತಾಯಿತು. ಸೋಮವಾರ ಮೇಲಿನ ಕಚೇರಿಗೆ ಕೊಡಬೇಕಿತ್ತು. ನೀನು ಗುರುವಾರ ಬಂದೆ.

ಶುಕ್ರವಾರ ಹೊಸಬಳು ಅಳುತ್ತಾ ಬಂದು ತನ್ನ ಹೆಸರಿನ ಜಾಗವನ್ನು ಹರಿದುಕೊಂಡು ಹೋದಳು. ಸೀನಿಯರಕ್ಕ ‘ನನ್ನ ಮನೆ ಬಾಗಿಲಿಗೂ ಹಿಂಗೇ ಜನ ಬಂದ್ರೆ ನಾನು ಬದುಕೋದು ಹೆಂಗೆ?’ ಎಂದು ತಮ್ಮ ಸಹಿಯ ಮೇಲೆ ಗೀಟು ಎಳೆದರು. ಅರ್ಧ ಹರಿದ, ಗೀಟು ಬಿದ್ದ ಆ ಕಾಗದ ನನ್ನ ಹತ್ತಿರ ಇದೆ.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದೀಯ. ಹೇಳಿದ್ದರೆ ಅದು ನಿನ್ನ ಜಗಳ ಆಗುತ್ತಿತ್ತು. ಈಗ ಹೇಳದೆಯೂ ಆಯಿತು.

ನಾನಾಗಿ ಬರೆಯುವವರೆಗೆ ನೀನು ಬರೆಯಬೇಡ.

ಮಗಳು


ಮಾರ್ಚ್ 8

ಬರೆಯಬೇಡ ಎಂದರೆ ಬರೆಯದೆ ಇರುವವಳು ನಿನ್ನಮ್ಮನಲ್ಲ.

ನಾನು ಏನು ಮಹಾ ತಪ್ಪು ಮಾಡಿದೆ? ಮಗಳನ್ನು ಮೂಲೆಗೆ ಹಾಕಿದರೆ ತಾಯಿ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕಾ? ಬೇರೆಯವರ ಮನೆಯ ಹೆಣ್ಣಾಗಿದ್ದರೆ ನಿಯಮ, ನೀತಿ ಎಲ್ಲ. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ನಿನ್ನ ಹೊಸ್ತಿಲಿಗೆ ನನಗೆ ಅಪ್ಪಣೆ ಬೇಕಾ?

ಆ ಇಬ್ಬರು ಪುಕ್ಕಲಿಯರು ಇವತ್ತಲ್ಲದಿದ್ದರೆ ನಾಳೆ ಹಿಂದೆ ಸರಿಯುವವರೇ. ಅದಕ್ಕೆ ನನ್ನನ್ನು ಹೊಣೆ ಮಾಡಬೇಡ. ಕಡೇಪಕ್ಷ ಅವನಿಗೆ ಈಗ ಗೊತ್ತಾಗಿದೆ, ಕೇಳುವವರು ಇದ್ದಾರೆ ಎಂದು.

ಊಟ ಸರಿಯಾಗಿ ಮಾಡು. ಸಿಟ್ಟಿದ್ದರೆ ನನ್ನ ಮೇಲಿರಲಿ, ಅನ್ನದ ಮೇಲೆ ಬೇಡ.

ಅಮ್ಮ


ಏಪ್ರಿಲ್ 22

ಮಗಳೇ,

ಆರು ವಾರವಾಯಿತು. ಪೋಸ್ಟಿನವನು ನಮ್ಮ ಬೀದಿಗೆ ಬಂದರೆ ಹೊಲಿಗೆ ಮಿಷನ್ನಿನ ಮೇಲಿಂದ ಕಾಲು ತೆಗೆದು ಕೂರುತ್ತೇನೆ. ಅವನು ‘ಇವತ್ತೂ ಇಲ್ಲ ಅಮ್ಮಾ’ ಎಂದು ದೂರದಿಂದಲೇ ಕೈಯಾಡಿಸುತ್ತಾನೆ.

ಕಳೆದ ಸಭೆಯಲ್ಲಿ ಏನಾಯಿತೆಂದು ತಿಳಿಸಬೇಕು. ಟೀಚರಮ್ಮ ಹಾಜರಿ ಮುಗಿಸಿದವರೇ ಫೆಬ್ರವರಿಯ ಗುರುವಾರದ ವಿಷಯ ಎತ್ತಿದರು. ನಾನು ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, ‘ಕಾರ್ಯದರ್ಶಿಯವರೇ, ಆ ಹುಡುಗಿ ನಿಮ್ಮನ್ನ ಕರೆದಿದ್ಲಾ?’ ಎಂದು ಕೇಳಿದರು. ‘ಅವಳು ನನ್ನ ಮಗಳು’ ಎಂದೆ. ‘ಅದನ್ನ ಕೇಳ್ಲಿಲ್ಲ. ಕರೆದಿದ್ಲಾ?’ ಎಂದವರೇ ನಿಯಮದ ಪುಸ್ತಕ ನನ್ನ ಮುಂದೆ ಇಟ್ಟು ಓದಿಸಿದರು. ಜನವರಿಯಲ್ಲಿ ಓದಿದ ಗಂಟಲು ಇದೇನಾ ಎಂದು ನನಗೇ ಅನುಮಾನ ಬಂತು.

ಜೊತೆಗೆ ಬಂದಿದ್ದ ಹತ್ತು ಜನರೂ ತಲೆ ತಗ್ಗಿಸಿ ಕುಳಿತಿದ್ದರು. ಪಾಪ, ನಾನು ಕರೆದೆ ಎಂದು ಬಂದವರು. ಅಲ್ಲಿಯೇ ಕಾರ್ಯದರ್ಶಿಯ ಕೆಲಸ ಬಿಟ್ಟುಕೊಟ್ಟೆ. ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಯಾರೂ ಬೇಡ ಎನ್ನಲಿಲ್ಲ. ಈಗ ನಡಾವಳಿ ಬರೆಯುವವಳು ನರ್ಸಮ್ಮ. ನಾನು ಚಾಪೆ ಹಾಸಿ, ಸಭೆ ಮುಗಿದ ಮೇಲೆ ಹಿಟ್ಟು ಗುಡಿಸುತ್ತೇನೆ.

ಇನ್ನೊಂದು ಮಾತಿದೆ. ನಿನಗೆ ಹೇಳಿರಲಿಲ್ಲ, ಯಾರಿಗೂ ಹೇಳಿಲ್ಲ. ನೀನು ಹುಟ್ಟುವ ಮೊದಲು ನಾನು ದೊಡ್ಡ ಗಾರ್ಮೆಂಟ್ ಕಾರ್ಖಾನೆಯಲ್ಲಿ ಇದ್ದೆನಲ್ಲ. ಅಲ್ಲಿಯೂ ಒಬ್ಬನಿದ್ದ. ದಾರದ ಉಂಡೆ ಬೇಕೆಂದರೆ ಅವನ ಸ್ಟೋರಿಗೆ ಹೋಗಬೇಕಿತ್ತು. ನಾನು ಹೋದೆ, ಬಂದೆ, ಮತ್ತೆ ಹೋದೆ. ಒಂದು ದಿನ ತಡೆಯಲಾಗದೆ ಕೆಲಸ ಬಿಟ್ಟೆ. ಬೀದಿಯಲ್ಲೆಲ್ಲ ‘ಇನ್ನೊಬ್ಬರ ಕೈಕೆಳಗೆ ನಾನ್ಯಾಕೆ ದುಡಿಯಲಿ, ನನ್ನದೇ ಮಿಷನ್ ತಗೊಂಡೆ’ ಎಂದು ಹೇಳಿಕೊಂಡು ತಿರುಗಿದೆ. ಎಲ್ಲರೂ ಭೇಷ್ ಅಂದರು. ನಿನ್ನಪ್ಪನೂ ಅಂದರು. ಆ ಸ್ಟೋರಿನವನಿಗೆ ಒಂದು ಮಾತೂ ಎದುರಾಡಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಆವತ್ತು ಡಿಪೋದ ಗೇಟಿನಲ್ಲಿ ಕೂಗಿದ್ದು ಆ ಹಳೆಯ ಮಾತೇ. ನಿನ್ನ ಗೇಟಿನಲ್ಲಿ ಕೂಗಬಾರದಿತ್ತು.

ತಪ್ಪು ನನ್ನದು. ಆ ಇಬ್ಬರನ್ನು ಪುಕ್ಕಲಿಯರು ಎಂದದ್ದೂ ತಪ್ಪು. ನಾನೂ ಅವರಂತೆಯೇ ಇದ್ದವಳು.

ನೀನು ಬರೆಯುವವರೆಗೆ ಇನ್ನು ಬರೆಯುವುದಿಲ್ಲ. ಈ ಸಲ ನಿಜವಾಗಿಯೂ.

ಅಮ್ಮ


ಜೂನ್ 10

ಅಮ್ಮ,

ನಿನ್ನ ಏಪ್ರಿಲ್ ಕಾಗದವನ್ನು ಸಾಮಾನಿನ ಕೋಣೆಯಲ್ಲಿ ಕುಳಿತು ಓದಿದೆ. ಉತ್ತರ ಬರೆಯಲು ಎಂಟು ಸಲ ಕುಳಿತೆ. ಕಾರ್ಖಾನೆಯ ವಿಷಯಕ್ಕೆ ಏನು ಬರೆಯಬೇಕೆಂದು ಇನ್ನೂ ತಿಳಿಯುತ್ತಿಲ್ಲ. ಎದುರಿಗೆ ಇದ್ದಿದ್ದರೆ ನಿನ್ನ ಮಡಿಲಲ್ಲಿ ತಲೆಯಿಡುತ್ತಿದ್ದೆ. ಸಿಟ್ಟು ಪೂರ್ತಿ ಹೋಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಮೇ ತಿಂಗಳಲ್ಲಿ ಹೊಸ ಅರ್ಜಿ ಬರೆದು ಒಬ್ಬಳೇ ಕೊಟ್ಟೆ. ಒಂದೇ ಬೇಡಿಕೆ: ರಿಜಿಸ್ಟರ್ ಕಿಟಕಿಗೆ ಬರಲಿ, ಎಲ್ಲರಿಗೂ. ಯಾಕೆಂದು ಅರ್ಜಿಯಲ್ಲೇ ಕೆಳಗೆ ಬರೆದಿದ್ದೇನೆ. ಮ್ಯಾನೇಜರ್ ತೆಗೆದುಕೊಳ್ಳಲಿಲ್ಲ. ಮೇಲಿನ ಕಚೇರಿಗೆ ಹೋಗಿ, ಮೊಹರು ಹಾಕಿಸಿಕೊಳ್ಳುವವರೆಗೆ ಅಲ್ಲಿಯೇ ನಿಂತೆ. ಅಕ್ಟೋಬರಿನಲ್ಲಿ ವಿಚಾರಣೆ. ಕಂಟ್ರೋಲರ್ ಕೂಡ ನನ್ನ ಮೇಲೆ ಗೈರುಹಾಜರಿ, ಉದ್ಧಟತನ ಎಂದು ದೂರು ಕೊಟ್ಟಿದ್ದಾನೆ. ಎರಡೂ ಒಟ್ಟಿಗೇ ನಡೆಯುತ್ತವಂತೆ. ಗೆದ್ದರೆ ಬಸ್ಸು, ಸೋತರೆ ಮನೆ.

ಹೆದರಿಕೆ ಆಗುತ್ತಿದೆ. ಆದರೆ ಒಳಗೆ ಹೋಗಿ ಸಹಿ ಹಾಕು ಎಂದರೆ ಇವತ್ತೂ ಹಾಕುವುದಿಲ್ಲ.

ನಿನ್ನನ್ನು ಒಂದು ವಿಷಯ ಕೇಳಬೇಕು. ನೀನು ಎಷ್ಟೋ ಹೆಂಗಸರ ಜೊತೆ ಕಚೇರಿಗಳಿಗೆ ಹೋಗಿದ್ದೀಯ. ಅಲ್ಲಿ ಏನು ಕೇಳುತ್ತಾರೆ? ನಾನು ಏನು ಬರೆದಿಟ್ಟುಕೊಳ್ಳಬೇಕು? ಇಷ್ಟು ಹೇಳು ಸಾಕು. ವಿಚಾರಣೆಯ ದಿನ ಬರಬೇಡ.

ಮಗಳು


ಜೂನ್ 19

ಮಗಳೇ,

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ. ನನ್ನ ಕೈ ನಾನೇ ಹಿಡಿದುಕೊಂಡು ಬರೆಯುತ್ತಿದ್ದೇನೆ.

ದಿನಾಂಕ, ಗಂಟೆ, ಯಾರ್ಯಾರು ಇದ್ದರು, ಯಾರು ಏನಂದರು, ಅವರು ಆಡಿದ ಮಾತಿನಲ್ಲೇ ಬರೆದಿಡು. ‘ಕೆಟ್ಟದಾಗಿ ನಡೆದುಕೊಂಡರು’ ಎಂದು ಬರೆದರೆ ಅದಕ್ಕೆ ಕಾಸಿನ ಬೆಲೆಯಿಲ್ಲ. ಆ ಹದಿನೈದು ದಿನ ನೀನು ಡಿಪೋದಲ್ಲೇ ಇದ್ದೆ ಎಂದು ಯಾವ ಯಾವ ಡ್ರೈವರಿಗೆ ಗೊತ್ತು, ಅವರ ಗಾಡಿ ನಂಬರು ಬರೆದುಕೋ. ಕೋಣೆಯ ಅಳತೆ, ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಮೇಜು ಎಲ್ಲಿ ಎಂದು ಒಂದು ಚಿತ್ರ ಬರೆ.

‘ಬೇರೆಯವರಿಗೆ ಇಲ್ಲದ ತೊಂದರೆ ನಿನಗೊಬ್ಬಳಿಗೇ ಯಾಕೆ?’ ಎಂದು ಕೇಳಿಯೇ ಕೇಳುತ್ತಾರೆ. ಆಗ ಆ ಇಬ್ಬರ ಹೆಸರು ತೆಗೆಯಬೇಡ. ಅವರ ಮಾತು ಅವರದು. ನಿನ್ನದಷ್ಟೇ ಹೇಳು. ಮಧ್ಯೆ ನೀರು ಬೇಕೆನಿಸಿದರೆ ಕೇಳು. ಅಳು ಬಂದರೆ ಅಳು, ಆಮೇಲೆ ಮುಂದುವರಿಸು.

ಬರುವುದಿಲ್ಲ. ಚಾಪೆ ಹಾಸುವವಳ ಮಾತು ಎಂದು ನಂಬು.

ಮಾರುಕಟ್ಟೆಯ ಶೌಚಾಲಯದ ಬೀಗ ತೆಗೆದರು. ಒಡೆಯಲಿಲ್ಲ. ಅಲ್ಲಿ ಕುಳಿತು ಮಾರುವ ಹೆಂಗಸರೇ ಮೂವತ್ತು ಜನ ಕಚೇರಿಗೆ ಹೋದರು, ನಾನು ಹಿಂದೆ ನಿಂತಿದ್ದೆ. ಹಿಂದೆ ನಿಂತರೆ ಏನೂ ಕಾಣುವುದಿಲ್ಲ ಕಣೇ, ಮುಂದಿನವರ ತಲೆಯೇ ಅಡ್ಡ.

ಅಮ್ಮ


ಅಕ್ಟೋಬರ್ 14

ಅಮ್ಮ,

ನಿನ್ನೆ ವಿಚಾರಣೆ ಮುಗಿಯಿತು.

ಉದ್ದನೆಯ ಮೇಜು, ಆ ಕಡೆ ಮೂವರು ಅಧಿಕಾರಿಗಳು. ಒಂದು ಬದಿಯಲ್ಲಿ ಕಂಟ್ರೋಲರ್, ಅವನ ಪರವಾಗಿ ಆರು ಜನ ಸಹೋದ್ಯೋಗಿಗಳು. ನನ್ನ ಬದಿಯಲ್ಲಿ ನಾಲ್ಕು ಖಾಲಿ ಕುರ್ಚಿ. ನೀನು ಹೇಳಿದ ಚಿತ್ರ ಬರೆದುಕೊಂಡು ಹೋಗಿದ್ದೆ. ಅದನ್ನು ಮೇಜಿನ ಮೇಲಿಟ್ಟು ಎರಡೂ ಅಂಗೈಯಿಂದ ಒತ್ತಿ ಹಿಡಿದೆ. ಹಾಗೆಯೇ ಎಲ್ಲ ಹೇಳಿದೆ. ಗಾಡಿ ನಂಬರು ಓದುವ ಹೊತ್ತಿಗೆ ಕೈ ತೆಗೆದಿದ್ದೆ.

ನೀನು ಅಂದ ಪ್ರಶ್ನೆಯೇ ಬಂತು. ‘ಡಿಪೋದಲ್ಲಿ ಇನ್ನೂ ಇಬ್ಬರು ಹೆಂಗಸರಿದ್ದಾರೆ. ಅವರಿಗಿಲ್ಲದ ತೊಂದರೆ ನಿಮಗೆ ಮಾತ್ರ ಯಾಕಮ್ಮ?’

‘ನಾನು ನನ್ನ ವಿಷಯ ಹೇಳ್ತಿದೀನಿ ಸಾರ್. ಅವರ ವಿಷಯ ಅವರನ್ನ ಕೇಳ್ಬೇಕು’ ಎಂದೆ.

ಕಂಟ್ರೋಲರ್ ನಕ್ಕ. ‘ಸಾರ್, ಇವಳ ಹಿಂದೆ ಇವಳಮ್ಮನ ಸಂಘ ಇದೆ. ಫೆಬ್ರವರಿಯಲ್ಲಿ ಗಲಾಟೆ ಮಾಡಿಸಿದ್ರು. ಇದೆಲ್ಲ ಅವರು ಹೇಳಿಕೊಟ್ಟಿದ್ದು.’

ನನಗೆ ಎಲ್ಲಿತ್ತೋ ಸಿಟ್ಟು. ‘ನನ್ನಮ್ಮ ಬಂದು ಕೂಗಿದ್ದು ತಪ್ಪು ಅಂತ ನನ್ನಮ್ಮನೇ ಒಪ್ಪಿಕೊಂಡಿದ್ದಾಳೆ. ನೀವು ಮಾಡಿದ್ದನ್ನ ನೀವು ಯಾವಾಗ ಒಪ್ಪಿಕೊಳ್ತೀರಿ?’ ಎಂದು ಕೇಳಿದೆ. ಅಧಿಕಾರಿ ‘ಮೆತ್ತಗೆ ಮಾತಾಡಿ’ ಎಂದರು. ‘ಬಸ್ಸಲ್ಲಿ ಮಾತಾಡೋ ಗಂಟಲು ಸಾರ್, ಇದೇ ಮೆತ್ತಗೆ’ ಎಂದೆ.

ಆಗ ಬಾಗಿಲು ತೆರೆಯಿತು. ಸೀನಿಯರಕ್ಕ. ಬೆಳಗಿನ ಟ್ರಿಪ್ ಮುಗಿಸಿ ನೇರ ಬಂದಿದ್ದರು, ಹೆಗಲಿನಲ್ಲಿ ಟಿಕೆಟ್ ಮಿಷನ್ ಹಾಗೆಯೇ ಇತ್ತು. ಅವರ ಹಿಂದೆ ಹೊಸಬಳು, ಅವರ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡು. ನನಗೆ ಒಂದು ಮಾತೂ ತಿಳಿಸಿರಲಿಲ್ಲ. ಸೀನಿಯರಕ್ಕ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತು, ‘ನನ್ನದೂ ಬರ್ಕೊಳ್ಳಿ ಸಾರ್. ನಿಧಾನಕ್ಕೆ ಹೇಳ್ತೀನಿ, ತುಂಬ ಇದೆ’ ಎಂದರು. ಹೊಸಬಳು ನಾಲ್ಕು ಪುಟ ಬರೆದುಕೊಂಡು ಬಂದಿದ್ದಳು, ಮೇಜಿನ ಮೇಲಿಟ್ಟು ಕುಳಿತಳು.

ಕಂಟ್ರೋಲರ್ ಆಮೇಲೆ ನಗಲಿಲ್ಲ.

ಹೊರಗೆ ಬಂದ ಮೇಲೆ ಸೀನಿಯರಕ್ಕನನ್ನು ಕೇಳಿದೆ, ಮನಸ್ಸು ಹೇಗೆ ಬದಲಾಯಿತೆಂದು. ‘ಒಂಬತ್ತು ತಿಂಗಳು ಚಪ್ಪಲಿ ಕಾಯ್ಕೊಂಡು ಕೂತೆಯಲ್ಲೇ, ಒಂದು ದಿನ ಆದ್ರೂ ನಮ್ಮನ್ನ ಬೈಯ್ಲಿಲ್ಲ’ ಎಂದರು. ಆಮೇಲೆ ಮೂವರೂ ಬಸ್ ನಿಲ್ದಾಣದಲ್ಲಿ ನಿಂತು ಟೀ ಕುಡಿದೆವು. ಯಾರಿಗೂ ಮಾತು ಬರಲಿಲ್ಲ, ಆದರೆ ಇದು ಆ ಕೋಣೆಯಿಂದ ಬಂದ ಮೇಲಿನ ಮೌನದ ಹಾಗಿರಲಿಲ್ಲ.

ತೀರ್ಪು ಬರಲು ಎರಡು ತಿಂಗಳು ಬೇಕಂತೆ. ಏನೇ ಬರಲಿ.

ನಿನ್ನ ಮಗಳು


ಅಕ್ಟೋಬರ್ 20

ಕಂದಾ,

ಆ ದಿನ ನಾನು ಮನೆಯಲ್ಲಿಯೇ ಇದ್ದೆ. ಮೂರು ಅಂಗಿಗೆ ತೋಳು ತಿರುಗಾಮುರುಗಾ ಹೊಲಿದೆ. ಬಿಚ್ಚಿ ಹೊಲಿದರೆ ಮತ್ತೆ ಹಾಗೆಯೇ. ಕೊನೆಗೆ ಮಿಷನ್ನಿಗೆ ಬಟ್ಟೆ ಮುಚ್ಚಿ ಬಾಗಿಲಲ್ಲಿ ಕುಳಿತೆ. ಪಕ್ಕದ ಮನೆಯವಳು ಮಾತಿಗೆ ಬಂದರೆ ಬೈದು ಕಳಿಸಿದೆ, ಆಮೇಲೆ ಹೋಗಿ ಸಮಾಧಾನ ಮಾಡಿ ಬಂದೆ.

ನಿನ್ನ ಕಾಗದವನ್ನು ಸಂಘದಲ್ಲಿ ಓದಲಾ ಎಂದು ಕೇಳುತ್ತಿದ್ದೇನೆ. ನೀನು ಹೂಂ ಎಂದರೆ ಮಾತ್ರ.

ನಾನು ಆಗ ಆ ಸ್ಟೋರಿನವನಿಗೆ ಹೇಳಬೇಕಾಗಿದ್ದ ಮಾತೊಂದಿತ್ತು, ಇಷ್ಟು ವರ್ಷ ಹುಡುಕುತ್ತಿದ್ದೆ. ‘ನೀವು ಮಾಡಿದ್ದನ್ನ ನೀವು ಯಾವಾಗ ಒಪ್ಪಿಕೊಳ್ತೀರಿ?’ ಅದೇ. ಅದನ್ನು ಓದಿ ತುಂಬ ಹೊತ್ತು ಅತ್ತೆ. ದುಃಖಕ್ಕಲ್ಲ.

ಅಮ್ಮ


ಜನವರಿ 9

ಅಮ್ಮ,

ಓದು. ಗಟ್ಟಿಯಾಗಿ ಓದು. ಗಿರಣಿ ಓಡುತ್ತಿದ್ದರೆ ಇನ್ನೂ ಗಟ್ಟಿಯಾಗಿ.

ಆದೇಶ ಬಂತು. ನನ್ನ ಮೇಲಿನ ದೂರು ವಜಾ, ಮತ್ತೆ ಬಸ್ಸಿಗೆ ಹಾಕಿದ್ದಾರೆ. ಹಳೆಯ ದೂರದ ಮಾರ್ಗ ಸಿಗಲಿಲ್ಲ, ಊರೊಳಗೇ ಸುತ್ತುವ ಬಸ್ಸು. ಕಂಟ್ರೋಲರಿಗೆ ಒಂದು ಎಚ್ಚರಿಕೆಯ ಪತ್ರ, ಅಷ್ಟೇ. ಅದೇ ಕುರ್ಚಿಯಲ್ಲಿ ಕುಳಿತಿದ್ದಾನೆ. ಇದು ನ್ಯಾಯವೇ ಎಂದು ನೀನು ಕೂಗುವುದು ಇಲ್ಲಿಗೇ ಕೇಳಿಸುತ್ತಿದೆ. ನಮಗೂ ಸಮಾಧಾನವಿಲ್ಲ. ಮೇಲ್ಮನವಿ ಬರೆಯುತ್ತಿದ್ದೇವೆ. ಮೂರು ಸಹಿ ಇದೆ, ಯಾವುದರ ಮೇಲೂ ಗೀಟಿಲ್ಲ.

ನಾವೂ ಒಂದು ಸಂಘ ಮಾಡಿಕೊಂಡಿದ್ದೇವೆ. ಮೂವರು ಕಂಡಕ್ಟರು, ಕ್ಯಾಂಟೀನಿನ ಇಬ್ಬರು, ಬಸ್ ತೊಳೆಯುವ ನಾಲ್ವರು. ಸೀನಿಯರಕ್ಕ ಅಧ್ಯಕ್ಷೆ. ಮುಂದಿನ ಭಾನುವಾರ ಮೊದಲ ಸಭೆ. ಈ ವರ್ಷದ ಕಾರ್ಯಕ್ರಮ: ಹೆಂಗಸರ ವಿಶ್ರಾಂತಿ ಕೋಣೆಗೆ ಒಳಗಿನಿಂದ ಹಾಕುವ ಚಿಲಕ, ಬಸ್ ತೊಳೆಯುವವರಿಗೆ ಕೈಗವಸು, ಮೇಲ್ಮನವಿ. ಹೊಸಬಳು ನಡಾವಳಿ ಬರೆಯುತ್ತಾಳೆ, ಅವಳ ಅಕ್ಷರ ಮುದ್ದಾಗಿದೆ. ನೀನೂ ಟೀಚರಮ್ಮನೂ ಬರಬೇಕೆಂದು ಎಲ್ಲರೂ ಹೇಳುತ್ತಿದ್ದಾರೆ. ಸುಮ್ಮನೆ ಕುಳಿತಿರು ಎಂದು ನಿನಗೆ ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ.

ಇವತ್ತು ಬೆಳಿಗ್ಗೆಯ ಮಾತು ಹೇಳಿ ಮುಗಿಸುತ್ತೇನೆ. ರಿಜಿಸ್ಟರನ್ನು ಕಿಟಕಿಗೆ ತರಬೇಕೆಂದು ಆದೇಶ ಬಂದ ಮೇಲೂ ಕಂಟ್ರೋಲರ್ ಆ ನೆಪ ಈ ನೆಪ ಹೇಳಿ ಮೂರು ವಾರ ತಳ್ಳಿದ್ದ. ಇವತ್ತು ನಮ್ಮ ರಿಜಿಸ್ಟರ್ ಕಿಟಕಿಯಲ್ಲಿತ್ತು. ಗಂಡಸರ ಸಾಲಿನಲ್ಲೇ ನಿಂತೆವು. ಮೊದಲು ಹೊಸಬಳು, ಆಮೇಲೆ ನಾನು. ಸಹಿ ಹಾಕಿ ಪೆನ್ನನ್ನು ಸೀನಿಯರಕ್ಕನ ಕೈಗೆ ಕೊಟ್ಟೆ. ಅವರು ಬರೆಯಲಿಲ್ಲ. ಕಿಟಕಿಯಿಂದ ಒಳಗೆ ಆ ಮೇಜನ್ನು ನೋಡುತ್ತಾ ನಿಂತರು.

‘ಅಲ್ಲಿಂದ ಇಲ್ಲಿಗೆ ಆರು ಹೆಜ್ಜೆ ಕಣೇ. ಒಂದು ಪುಸ್ತಕ ಆರು ಹೆಜ್ಜೆ ಈ ಕಡೆ ಬರಬೇಕಾಗಿತ್ತು, ಅಷ್ಟೇ ತಾನೇ?’ ಎಂದರು. ನಾನು ಅವರ ತೋಳು ಹಿಡಿದುಕೊಂಡೆ.

ಹಿಂದಿನಿಂದ ಒಬ್ಬ ಡ್ರೈವರ್ ಗಡಿಯಾರ ನೋಡಿ, ‘ಬೇಗ ಬೇಗ ಅಕ್ಕಾ, ಗಾಡಿ ತಡ ಆಯ್ತು’ ಎಂದ.

ಸೀನಿಯರಕ್ಕ ತಿರುಗಿದರು. ‘ತಡ್ಕೋಪ್ಪ. ನನಗೆ ಇಪ್ಪತ್ತಾರು ವರ್ಷ ತಡ ಆಗಿದೆ’ ಎಂದು ಹೇಳಿ, ಕಿಟಕಿಯ ಕಟ್ಟೆಗೆ ಮೊಣಕೈ ಊರಿ, ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು.

ನಿನ್ನ ಮಗಳು